ಮೆಳ್ಳೆಗಣ್ಣು ಅದೃಷ್ಟ ಅಂತ ಸುಮ್ನಿರಬೇಡಿ

ಮಾನ್ಯ ಸಂಪಾದಕರೇ,

ನನ್ನ ಮಗಳಿಗೆ ಎರಡೂವರೆ ವರ್ಷ ಇದ್ದಾಗಲೇ ಎಡಗಣ್ಣು ಮೂಗಿನ ಕಡೆ ವಾಲುತ್ತಿತ್ತು. ತಟ್ಟೆಯಲ್ಲಿನ ರೊಟ್ಟಿ ನೋಡುವಾಗ ಜಾಸ್ತಿ. ‘ಮೆಳ್ಳೆಗಣ್ಣು ಅದೃಷ್ಟ, ಸುಮ್ನಿರು’ ಅಂದರು ಹಿರಿಯರು. ನಾನೂ ಸುಮ್ಮನಿದ್ದೆ. ಐದು ವರ್ಷವಾದಾಗ ಒಂದು ದಿನ ಆಟವಾಡಿಸುತ್ತಾ ಅವಳ ಎಡಗಣ್ಣು ಮುಚ್ಚಿದೆ, ನಗುತ್ತಿದ್ದಳು. ಬಲಗಣ್ಣು ಮುಚ್ಚಿದ ತಕ್ಷಣ ನನ್ನ ಕೈ ತಳ್ಳಿ ಅತ್ತುಬಿಟ್ಟಳು. ಎಡಗಣ್ಣಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

ಕಣ್ಣಿನ ಡಾಕ್ಟರ್ ಬಿಡಿಸಿ ಹೇಳಿದರು. ಒಂದೊಂದು ಕಣ್ಣುಗುಡ್ಡೆಗೂ ಅದನ್ನು ತಿರುಗಿಸುವ ಆರು ಸ್ನಾಯುಗಳಿವೆ. ನಾಲ್ಕು ನೇರ, ಎರಡು ಓರೆ. ಮೇಲಿನ ಓರೆ ಸ್ನಾಯುವಂತೂ ಬಾವಿಯ ರಾಟೆಯ ಮೇಲೆ ಹಗ್ಗ ಹಾಯುವ ಹಾಗೆ, ಮೂಗಿನ ಪಕ್ಕದ ಪುಟ್ಟ ಕುಣಿಕೆಯಲ್ಲಿ ತೂರಿ ಹಿಂದಕ್ಕೆ ಹೊರಳುತ್ತದೆ. ಹನ್ನೆರಡೂ ಸ್ನಾಯುಗಳ ಎಳೆತ ಹೊಂದಿಕೊಂಡರೆ ಮಾತ್ರ ಎರಡು ಕಣ್ಣೂ ಒಂದೇ ಕಡೆ ನೋಡುತ್ತವೆ. ಇಲ್ಲದಿದ್ದರೆ ಮಿದುಳಿಗೆ ಎರಡು ಬೇರೆ ಬೇರೆ ಚಿತ್ರ ಹೋಗುತ್ತದೆ. ಪುಟ್ಟ ಮಕ್ಕಳ ಮಿದುಳು ಅದರಲ್ಲಿ ಒಂದನ್ನು ಕೈಬಿಡುತ್ತದೆ. ಆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ. ಏಳೆಂಟು ವರ್ಷದೊಳಗೆ ಚಿಕಿತ್ಸೆ ಸಿಕ್ಕರೆ ಒಳ್ಳೆಯದು, ತಡವಾದಷ್ಟೂ ಕಷ್ಟ.

ಕನ್ನಡಕ ಬಂತು. ಒಳ್ಳೆಯ ಕಣ್ಣಿಗೆ ದಿನಾ ಕೆಲವು ಗಂಟೆ ಪಟ್ಟಿ. ಮೊದಲ ವಾರ ಹೊಸಿಲು ಎಡವಿ ಬಿದ್ದಳು. ಪಟ್ಟಿ ಕಟ್ಟಿಕೊಂಡೇ ನನ್ನ ಜೊತೆ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಮೊದಮೊದಲು ಒಂದೂ ಸಿಗುತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ ನನಗಿಂತ ಮುಂಚೆ ಹುಡುಕಿ ತೋರಿಸುತ್ತಿದ್ದಳು.

ಎಲ್ಲ ಮಕ್ಕಳಿಗೂ ಆಪರೇಷನ್ ಬೇಕಾಗುವುದಿಲ್ಲ. ಕೆಲವರ ಕಣ್ಣು ಕನ್ನಡಕದಿಂದಲೇ ನೇರವಾಗುತ್ತದೆ. ಬೇಕಾದರೂ ಹೆದರಬೇಡಿ. ‘ಕಣ್ಣು ಕಿತ್ತು ಹೊರಗಿಡ್ತಾರಂತೆ’ ಅನ್ನುವುದು ಬರೀ ಸುಳ್ಳು. ಸ್ನಾಯುವನ್ನು ಬಿಡಿಸಿ ಸ್ವಲ್ಪ ಹಿಂದಕ್ಕೆ ಹೊಲಿಯುತ್ತಾರೆ, ಇಲ್ಲವೇ ಚಿಕ್ಕದು ಮಾಡುತ್ತಾರೆ, ಅಷ್ಟೇ.

ಹಸುಗೂಸಿನ ಕಣ್ಣು ಮೊದಲ ಮೂರ್ನಾಲ್ಕು ತಿಂಗಳು ಆಗಾಗ ಅತ್ತಿತ್ತ ಸರಿಯಬಹುದು. ಆಮೇಲೂ ಹಾಗೇ ಇದ್ದರೆ ತೋರಿಸಲೇಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಶಾಲೆಗಳಿಗೇ ತಂಡ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಆ ದಿನ ಮಗುವನ್ನು ತಪ್ಪಿಸದೆ ಕಳಿಸಿ. ತಂಡದವರಲ್ಲೂ ನನ್ನ ಕೋರಿಕೆ ಇಷ್ಟೇ: ಪ್ರತಿ ಮಗುವಿನ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಒಂದು ನಿಮಿಷ ಸಾಕು. ನನ್ನ ಮಗಳು ಅತ್ತದ್ದು ಆ ಒಂದು ನಿಮಿಷದಲ್ಲೇ.

– ಒಬ್ಬ ತಾಯಿ, ಹಾವೇರಿ ಜಿಲ್ಲೆ