ನೈಟ್‌ಗಳಿಗೆ ಕ್ರೇನ್ ಬೇಕಿರ್ಲಿಲ್ಲ ಸ್ವಾಮಿ

ಸಂಪಾದಕರೇ,
ಯುರೋಪಿನ ನೈಟ್‌ಗಳ (ಹಳೇ ಕಾಲದ ಕವಚಧಾರಿ ಕುದುರೆ ಯೋಧರು) ಬಗ್ಗೆ ಯಾರೇ ಬರೆದ್ರೂ ‘ಕವಚ ಹಾಕ್ಕೊಂಡು ಬಿದ್ರೆ ಏಳೋಕೇ ಆಗ್ತಿರ್ಲಿಲ್ಲ, ಕುದುರೆ ಹತ್ತಿಸೋಕೆ ಕ್ರೇನ್ ಬೇಕಿತ್ತು’ ಅಂತ ಸೇರಿಸಿಬಿಡ್ತಾರೆ, ಶುದ್ಧ ಕಟ್ಟುಕಥೆ. 15ನೇ ಶತಮಾನದ ಯುದ್ಧದ ಕವಚ ಪೂರ್ತಿ ಸೆಟ್ಟೇ 20–25 ಕೆಜಿ ಆಸುಪಾಸು, ಅದೂ ಮೈತುಂಬಾ ಹಂಚ್ಕೊಂಡಿರುತ್ತೆ. ಇಂಗ್ಲೆಂಡಿನ ಲೀಡ್ಸ್‌ನ ರಾಯಲ್ ಆರ್ಮರೀಸ್ ಮ್ಯೂಸಿಯಂನಲ್ಲಿ ಅಲ್ಲಿನ ದೊರೆ ಎಂಟನೇ ಹೆನ್ರಿಗೆ 1520ರಲ್ಲಿ ಮಾಡಿದ ಕವಚ ಇದೆ, ಮಂಡಿ ಹಿಂದೆ, ಮೊಣಕೈ ಒಳಗೆಲ್ಲಾ ಸಣ್ಣ ಪಟ್ಟಿಗಳು ಸೀಗಡಿ ಚಿಪ್ಪಿನ ಥರ ಒಂದರ ಮೇಲೊಂದು ಜಾರುತ್ವೆ, ಅದು 40 ಕೆಜಿ ದಾಟುತ್ತೆ ನಿಜ, ಆದ್ರೆ ಅದು ನೆಲದ ಮೇಲೆ ನಿಂತು ಆಡೋ ಪಂದ್ಯಕ್ಕೆ ಮಾಡಿದ್ದು.

ಈಗ ಸಿಗೋ ನಕಲು ಕವಚಗಳ ವಿಷ್ಯ. ಎಷ್ಟೋ ಮಾಲು ನಮ್ಮ ಡೆಹ್ರಾಡೂನ್ ಕಡೆಯಿಂದಲೇ ಅಮೆರಿಕ, ಯುರೋಪಿಗೆ ಹೋಗುತ್ತೆ, ಇದು ನಮ್ಮೋರಿಗೇ ಗೊತ್ತಿಲ್ಲ! ನಾನೂ ಆಸೆಗೆ ಬಿದ್ದು ಆನ್‌ಲೈನಲ್ಲಿ ಒಂದು ಹೆಲ್ಮೆಟ್ ತರಿಸ್ದೆ, ಫೋಟೋದಲ್ಲಿ ಫಳಫಳ, ಕೈಗೆ ಬಂದ್ಮೇಲೆ ನೋಡಿದ್ರೆ ಎಣ್ಣೆ ಡಬ್ಬದ ತಗಡು, ಹೆಬ್ಬೆರಳಲ್ಲಿ ಒತ್ತಿದ್ರೆ ಒಳಗೋಗುತ್ತೆ. ಗೋಡೆಗೆ ನೇತಾಕೋಕೆ 1 ಮಿಮೀ ಸಾಕು, ಇವತ್ತೂ ಕವಚ ತೊಟ್ಟು ಪಂದ್ಯದಲ್ಲಿ ನಿಜವಾಗ್ಲೂ ಹೊಡೆದಾಡೋರು ಹೆಲ್ಮೆಟ್‌ಗೆ 2 ಮಿಮೀ ಉಕ್ಕು ಕೇಳ್ತಾರೆ, ಒಳಗೆ ದಪ್ಪ ಹತ್ತಿ ತುಂಬಿದ ಟೋಪಿ ಬೇರೆ ಬೇಕು, ಇಲ್ದಿದ್ರೆ ಹೆಲ್ಮೆಟ್ ಉಳಿಯುತ್ತೆ, ತಲೆ ಉಳಿಯಲ್ಲ. ಮಾರೋರು ಉಕ್ಕಿನ ದಪ್ಪ ಬರೀದಿದ್ರೆ ದುಡ್ಡು ಕಳಿಸೋ ಮುಂಚೆ ಕೇಳಿ. ನನ್ನದೀಗ ಮೊಮ್ಮಗನ ಗೋಲಿ ಡಬ್ಬ.

– ಒಬ್ಬ ಹಳೇ ಓದುಗ, ಮೈಸೂರು