ಎಳ್ಳಮವಾಸ್ಯೆಯ ಹೊತ್ತಿಗೆ ಟೆಲಿಸ್ಕೋಪ್ ತಯಾರಾಗಿರಲಿ

ಹಾವೇರಿ
ಡಿಸೆಂಬರ್ 2025

ಪ್ರೀತಿಯ ಪುಟ್ಟಿ,

ಟೆಲಿಸ್ಕೋಪಿನ ಪೆಟ್ಟಿಗೆ ಬಂತು ಅಂತ ಅಪ್ಪ ಫೋನ್ ಮಾಡಿದ್ದರು. ಊಟಕ್ಕೂ ಏಳದೆ ಅದರ ಪಕ್ಕದಲ್ಲೇ ಕೂತಿದ್ದೀಯಂತೆ. ಬ್ಯಾಂಕಿನ ಕೆಲಸ ಬಿಟ್ಟು ನನಗೆ ಸದ್ಯ ಹುಬ್ಬಳ್ಳಿಗೆ ಬರೋಕೆ ಆಗಲ್ಲ. ನೀನು ನನಗಾಗಿ ಕಾಯಬೇಡ, ಶುರು ಮಾಡು. ಎಳ್ಳಮವಾಸ್ಯೆಗೆ ಗದಗಿನ ಕಡೆ ಅಜ್ಜನ ಹೊಲಕ್ಕೆ ಚರಗ ಚೆಲ್ಲಲು ಎಲ್ಲರೂ ಹೋಗುತ್ತೇವಲ್ಲ, ಈ ಸಲ ರಾತ್ರಿ ಅಲ್ಲೇ ಉಳಿಯೋಣ ಅಂತ ಅಜ್ಜನಿಗೆ ಹೇಳಿದ್ದೇನೆ. ಅಮಾವಾಸ್ಯೆ, ಚಂದ್ರ ಇರುವುದಿಲ್ಲ. ಊರಿನ ದೀಪಗಳೂ ದೂರ. ಅಷ್ಟರೊಳಗೆ ಯಂತ್ರ ನಿನ್ನ ಕೈಗೆ ಪಳಗಿರಬೇಕು. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೂರ್ಯನ ವಿಷಯ. ಹಗಲಲ್ಲಿ ಟೆಲಿಸ್ಕೋಪನ್ನು ಸೂರ್ಯನ ಕಡೆ ತಿರುಗಿಸಲೇಬೇಡ. ಗುರಿ ಹಿಡಿಯಲು ಮೇಲೆ ಕೂರಿಸಿರುವ ಸಣ್ಣ ಫೈಂಡರ್ ಕೂಡ ಅಷ್ಟೇ ಅಪಾಯ. ಒಂದು ಕ್ಷಣ ಸಾಕು, ಕಣ್ಣು ಹೋಗುತ್ತದೆ. ತಮ್ಮ ಹಗಲಲ್ಲಿ ಅದರ ಹತ್ತಿರ ಆಡುತ್ತಾನೆ ಅಂದರೆ ಎರಡಕ್ಕೂ ಮುಚ್ಚಳ ಹಾಕಿಯೇ ಇಡು. ಈ ಒಂದು ವಿಷಯದಲ್ಲಿ ನಾನು ಯಾವ ಮಾತನ್ನೂ ಕೇಳುವುದಿಲ್ಲ.

ಇನ್ನು ಯಂತ್ರ. ಕೊಳವೆಯ ತಳದಲ್ಲಿ 203 ಮಿಲಿಮೀಟರ್ ಅಗಲದ ಕನ್ನಡಿ ಇದೆ. ಕತ್ತಲಲ್ಲಿ ನಿನ್ನ ಕಣ್ಣಿನ ಪಾಪೆ ಹಿಗ್ಗಿದರೂ ಸುಮಾರು 7 ಮಿಲಿಮೀಟರ್ ಆಗಬಹುದು. ಅಂದರೆ ಈ ಕನ್ನಡಿ ನಿನ್ನ ಕಣ್ಣಿಗಿಂತ 800 ಪಟ್ಟಿಗೂ ಜಾಸ್ತಿ ಬೆಳಕು ಹಿಡಿಯುತ್ತದೆ. ಅದರ ಮೇಲೆ ಧೂಳು ಕಂಡರೆ ಬಟ್ಟೆಯಿಂದ ಒರೆಸಬೇಡ. ಮೇಲಿನ ಅಲ್ಯೂಮಿನಿಯಂ ಲೇಪ ತೀರಾ ತೆಳು, ಗೀರು ಬಿದ್ದರೆ ಹೋಗುವುದಿಲ್ಲ. ಸ್ವಲ್ಪ ಧೂಳಿದ್ದರೆ ನೋಟಕ್ಕೇನೂ ಆಗಲ್ಲ. ಕೊಳವೆ ಮತ್ತು ಬೇಸ್ ಎರಡನ್ನೂ ಬೇರೆ ಬೇರೆ ಎತ್ತಬೇಕು. ಎರಡೂ ಹತ್ತು ಕೆಜಿ ಮೇಲಿವೆ, ಅಪ್ಪನನ್ನು ಕರಿ.

ಈ ಬೇಸ್ ಇದೆಯಲ್ಲ, ಹಲಗೆಯ ಪೆಟ್ಟಿಗೆ ಹಾಗೆ ಕಾಣುವುದು, ಇದನ್ನು ಜನಪ್ರಿಯ ಮಾಡಿದವರು ಜಾನ್ ಡಾಬ್ಸನ್. ಅದಕ್ಕೇ ಇದು ಡಾಬ್ಸೋನಿಯನ್. ಅವರ ಕಥೆ ಅಜ್ಜನಿಗೆ ಹೇಳು, ಖಂಡಿತ ಖುಷಿಪಡುತ್ತಾರೆ. 1915ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದ ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಸೊಸೈಟಿಯ ಮಠಕ್ಕೆ ಸೇರಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸನ್ಯಾಸಿಯಾಗಿದ್ದರು. ಕೈಯಲ್ಲಿ ಕಾಸಿಲ್ಲ. ಹಡಗಿನ ಕಿಟಕಿಯ ದಪ್ಪ ಗಾಜನ್ನು ತಾವೇ ಉಜ್ಜಿ ಉಜ್ಜಿ ಕನ್ನಡಿ ಮಾಡಿಕೊಂಡರು. ಮಠ ಬಿಟ್ಟ ಮೇಲೆ 1968ರಲ್ಲಿ ಗೆಳೆಯರ ಜೊತೆ ಸೈಡ್‌ವಾಕ್ ಆಸ್ಟ್ರಾನಮರ್ಸ್ ಅಂತ ಗುಂಪು ಕಟ್ಟಿದರು. ರಸ್ತೆ ಬದಿಯಲ್ಲಿ ಟೆಲಿಸ್ಕೋಪ್ ಇಟ್ಟು, ಹೋಗಿ ಬರುವವರನ್ನೆಲ್ಲ ಕರೆದು ಚಂದ್ರನನ್ನು, ಶನಿಯನ್ನು ತೋರಿಸಿದರು. 2014ರಲ್ಲಿ ತೀರಿಕೊಂಡರು. ನಾವು ಈ ಬಗೆಯದನ್ನೇ ಆರಿಸಿದ್ದಕ್ಕೆ ದೊಡ್ಡ ಕನ್ನಡಿ ಕಡಿಮೆ ದುಡ್ಡಿಗೆ ಸಿಗುತ್ತದೆ ಅನ್ನುವುದು ಒಂದು ಕಾರಣ. ಅವರ ಮೇಲಿನ ನನ್ನ ಗೌರವ ಇನ್ನೊಂದು.

ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸಕ್ಕೆ ಕರೆಂಟೂ ಬೇಡ, ನಕ್ಷತ್ರವೂ ಬೇಡ. ಸಂಜೆ ಸೂರ್ಯ ಮುಳುಗಿದ ಮೇಲೆ, ಬೆಳಕು ಇರುವಾಗಲೇ, 25 ಮಿಲಿಮೀಟರ್ ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಮಸೂರ, ಹಾಕಿ ದೂರದ ಒಂದು ಮೊಬೈಲ್ ಟವರ್ ತುದಿಯನ್ನು ನಡುವಿಗೆ ತಂದುಕೋ. ಚಿತ್ರ ತಲೆಕೆಳಗಾಗಿ ಕಾಣುತ್ತದೆ, ಹೆದರಬೇಡ, ಅದು ಹಾಗೇ. ಆಮೇಲೆ ಫೈಂಡರಿನ ಸ್ಕ್ರೂ ತಿರುಗಿಸಿ ಅದೇ ತುದಿ ಅದರ ನಡುವಿಗೂ ಬರುವ ಹಾಗೆ ಮಾಡು. ಇದು ಸರಿಯಾಗದಿದ್ದರೆ ರಾತ್ರಿ ಮೋಟರ್ ಓಡಿಸುವ ರಿಮೋಟಿನ ಕಂಪ್ಯೂಟರ್ ಇದ್ದೂ ಪ್ರಯೋಜನವಿಲ್ಲ.

ಯಾಕೆ ಅಂದರೆ ಕಂಪ್ಯೂಟರಿಗೆ ಆಕಾಶ ಕಾಣುವುದಿಲ್ಲ. ನೀನು ಹೇಳಿದ್ದಷ್ಟೇ ಅದಕ್ಕೆ ಗೊತ್ತು. ಎಲ್ಲಿದ್ದೀಯ, ಈಗ ಎಷ್ಟು ಹೊತ್ತು, ಆ ನಕ್ಷತ್ರ ಯಾವುದು. ಹುಬ್ಬಳ್ಳಿಗೆ 15 ಡಿಗ್ರಿ 22 ನಿಮಿಷ ಉತ್ತರ, 75 ಡಿಗ್ರಿ 7 ನಿಮಿಷ ಪೂರ್ವ ಅಂತ ಕೊಡು. ಹೊಲದಲ್ಲಿ ಗದಗಿನದು ಕೊಟ್ಟರೆ ಸಾಕು, 15 ಡಿಗ್ರಿ 26 ನಿಮಿಷ, 75 ಡಿಗ್ರಿ 38 ನಿಮಿಷ. ಟೈಮ್ ಝೋನ್ ಪ್ಲಸ್ 5:30. ಡೇಲೈಟ್ ಸೇವಿಂಗ್ ಕೇಳಿದರೆ ಇಲ್ಲ ಅನ್ನು. ತಾರೀಖು ಕೊಡುವಾಗ ಜೋಪಾನ. ಇದು ತಿಂಗಳನ್ನು ಮೊದಲು ಕೇಳುತ್ತದೆ. ನಮ್ಮ ಹಾಗೆ ದಿನ ಮೊದಲು ಒತ್ತಿದರೆ ಯಾವುದೋ ತಿಂಗಳಿನ ಆಕಾಶ ಅಂದುಕೊಂಡು ಕೊಳವೆಯನ್ನು ನೆಲದ ಕಡೆ ತಿರುಗಿಸಿಬಿಡುತ್ತದೆ.

ಆಮೇಲೆ ಎರಡು ನಕ್ಷತ್ರ ತೋರಿಸಬೇಕು. ರಿಮೋಟು ಹತ್ತಾರು ಹೆಸರು ಮುಂದಿಡುತ್ತದೆ. ಸುಮ್ನೆ ಒಂದನ್ನು ಒತ್ತಬೇಡ. ನಿನಗೆ ಚೆನ್ನಾಗಿ ಗುರುತಿರುವ ಎರಡನ್ನೇ ಆರಿಸು. ಒಂದಕ್ಕೊಂದು ದೂರ ಇರಲಿ, ನೆತ್ತಿಯ ಮೇಲೆ ಬೇಡ. ಈಗ ರಾತ್ರಿ ಎಂಟೂವರೆಗೆ ಪೂರ್ವಕ್ಕೆ ನಿಂತು ನೋಡು. ಕೃತ್ತಿಕೆಯ ಗೊಂಚಲು ಕಾಣುತ್ತದೆ. ಅದರ ಕೆಳಗೆ ಕೆಂಪಗೆ ಹೊಳೆಯುವುದು ರೋಹಿಣಿ. ರಿಮೋಟಿನಲ್ಲಿ ಅದರ ಹೆಸರು ಆಲ್ಡೆಬರಾನ್. ಇನ್ನೊಂದು ನೈರುತ್ಯಕ್ಕೆ, ಹೆಚ್ಚು ಕಡಿಮೆ ಅಷ್ಟೇ ಎತ್ತರದಲ್ಲಿದೆ, ಫೊಮಲ್‌ಹಾಟ್. ಸುತ್ತ ಬೇರೆ ಹೊಳೆಯುವ ನಕ್ಷತ್ರ ಇಲ್ಲದ ಜಾಗ, ಅದೊಂದೇ ಇರುತ್ತದೆ. ಅದಕ್ಕಿಂತ ಬಹಳ ಮೇಲೆ ಮಿನುಗದೆ ನಿಂತಿರುವುದು ಶನಿ. ಅದನ್ನು ನಕ್ಷತ್ರ ಅಂತ ತೋರಿಸಿಬಿಡಬೇಡ. ರೋಹಿಣಿಯನ್ನು ಹೊಲದಲ್ಲಿ ಅಜ್ಜನಿಗೂ ತೋರಿಸು. ರೋಹಿಣಿ ಮಳೆ ಅಂತ ಅವರು ಲೆಕ್ಕ ಹಾಕುವ ಮೇ ಕೊನೆ, ಜೂನ್ ಮೊದಲ ವಾರದಲ್ಲಿ ಸೂರ್ಯ ಅದೇ ದಿಕ್ಕಿನಲ್ಲಿರುತ್ತಾನೆ. ಹಾಗಾಗಿ ಆ ಮಳೆಯ ಕಾಲದಲ್ಲಿ ಮೋಡ ಇಲ್ಲದಿದ್ದರೂ ರೋಹಿಣಿ ಕಾಣುವುದಿಲ್ಲ.

ನಕ್ಷತ್ರವನ್ನು ನಡುವಿಗೆ ತರುವುದರಲ್ಲಿ ಒಂದು ಗುಟ್ಟಿದೆ. ಫೋಕಸ್ ಸ್ವಲ್ಪ ಕೆಡಿಸು. ಚುಕ್ಕೆ ಹಿಗ್ಗಿ ತಟ್ಟೆಯಾಗುತ್ತದೆ, ನಡುವೆ ಒಂದು ಕಪ್ಪು ವೃತ್ತ ಕಾಣುತ್ತದೆ. ತಟ್ಟೆಯನ್ನು ನಡುವಿಗೆ ತರುವುದು ಚುಕ್ಕೆಗಿಂತ ಸುಲಭ. ಆ ಕಪ್ಪು ವೃತ್ತ ತಟ್ಟೆಯ ಸರಿಯಾಗಿ ನಡುವೆ ಇದ್ದರೆ ಕನ್ನಡಿಗಳು ನೆಟ್ಟಗಿವೆ. ಒಂದು ಬದಿಗೆ ಸರಿದಿದ್ದರೆ ನನಗೆ ಹೇಳು, ಆ ಸ್ಕ್ರೂಗಳನ್ನು ನಾವಿಬ್ಬರೂ ಕೂತು ಸರಿಮಾಡೋಣ. ಇನ್ನೊಂದು, ಕೊಳವೆ ಸರಿಸಲು ರಿಮೋಟಿನಲ್ಲಿ ಕೊನೆಗೆ ಒತ್ತುವ ಬಟನ್ ಯಾವಾಗಲೂ ಮೇಲಿನದು ಮತ್ತು ಬಲಗಡೆಯದು ಆಗಿರಲಿ. ಗಿಯರಿನ ಹಲ್ಲುಗಳ ನಡುವೆ ಸ್ವಲ್ಪ ಸಡಿಲ ಇರುತ್ತದೆ. ಒಂದೇ ಕಡೆಯಿಂದ ಬಂದು ನಿಂತರೆ ಆ ಸಡಿಲ ಲೆಕ್ಕ ತಪ್ಪಿಸುವುದಿಲ್ಲ.

ಇಷ್ಟಾದರೆ ರಿಮೋಟಿನಲ್ಲಿ ಶನಿ ಅಂತ ಒತ್ತು, ಮೋಟರ್ ಗುಂಯ್ ಅಂದು ಅಲ್ಲಿಗೇ ಹೋಗಿ ನಿಲ್ಲುತ್ತದೆ. ಎಲ್ಲರಿಗೂ ಅದೇ ದೊಡ್ಡ ಚಮತ್ಕಾರ ಅನ್ನಿಸುತ್ತದೆ. ನನಗೆ ಹಾಗಲ್ಲ. ಅದು ಹುಡುಕಿದ್ದಕ್ಕಿಂತ ಹಿಡಿದಿಡುವುದು ದೊಡ್ಡದು. 10 ಮಿಲಿಮೀಟರ್ ಐಪೀಸ್ ಹಾಕಿದಾಗ 120 ಪಟ್ಟು ದೊಡ್ಡದಾಗಿ ಕಾಣುತ್ತದೆ. ಮೋಟರ್ ಇಲ್ಲದಿದ್ದರೆ ಭೂಮಿ ತಿರುಗುವುದಕ್ಕೆ ಗ್ರಹ ಎರಡು ನಿಮಿಷದೊಳಗೆ ನೋಟದಿಂದ ಆಚೆ ಹೋಗುತ್ತದೆ. ನೀನು ನೋಡಿ, ಅತ್ತಿಯನ್ನು ಕರೆದು, ಅವರು ಸೆರಗು ಸರಿಮಾಡಿಕೊಂಡು ಬಗ್ಗುವಷ್ಟರಲ್ಲಿ ಏನೂ ಇರುವುದಿಲ್ಲ. ಈಗ ಹಾಗಾಗಲ್ಲ. ಯಾರು ಎಷ್ಟು ಹೊತ್ತು ನೋಡಿದರೂ ಶನಿ ಅಲ್ಲೇ ಇರುತ್ತದೆ. ಅದಕ್ಕೇ ನಾನು ಮೋಟರ್ ಇರುವುದಕ್ಕೆ ಜಾಸ್ತಿ ದುಡ್ಡು ಕೊಟ್ಟೆ. ರಿಮೋಟಿನಲ್ಲಿ ಟೂರ್ ಅಂತ ಒಂದು ಬಟನ್ ಇದೆ, ಒಂದಾದ ಮೇಲೊಂದು ತೋರಿಸುತ್ತಾ ಹೋಗುತ್ತದೆ. ಅದನ್ನು ಒತ್ತಬೇಡ. ಒಂದು ರಾತ್ರಿಗೆ ಮೂರು ನಾಲ್ಕು ಸಾಕು. ಪ್ರತಿಯೊಂದರ ಮುಂದೆ ಹತ್ತು ಹದಿನೈದು ನಿಮಿಷ ಕೂರು. ಗಾಳಿ ಅಲುಗಾಡುವುದು ಆಗಾಗ ನಿಲ್ಲುತ್ತದೆ. ಆ ಒಂದೆರಡು ಕ್ಷಣದಲ್ಲೇ ಗ್ರಹದ ಮೇಲಿನ ಪಟ್ಟೆ ಸ್ಪಷ್ಟವಾಗಿ ಕಾಣುವುದು. ಕಾದವರಿಗೆ ಮಾತ್ರ ಅದು ಸಿಗುತ್ತದೆ.

ಶನಿಯ ಉಂಗುರ ಪುಸ್ತಕದ ಹಾಗೆ ಕಾಣಲಿಲ್ಲ ಅಂತ ಬೇಜಾರಾಗಬೇಡ. 2025ರ ಮಾರ್ಚ್‌ನಲ್ಲಿ ಉಂಗುರದ ಅಂಚು ಸರಿಯಾಗಿ ನಮ್ಮ ಕಡೆ ತಿರುಗಿತ್ತು. ಈ ಚಳಿಗಾಲದಲ್ಲಿ ಅದಿನ್ನೂ ತೆಳುವಾದ ಒಂದು ಗೆರೆ. ಇದನ್ನು ಈಗಲೇ ನೋಡಿ ಚಿತ್ರ ಬರೆದಿಡು, ವರ್ಷ ವರ್ಷ ಬರೆಯುತ್ತಾ ಹೋಗು. 2032ರ ಹೊತ್ತಿಗೆ ಪೂರ್ತಿ ತೆರೆದುಕೊಂಡಿರುತ್ತದೆ. ಆಗ ನಿನಗೆ ಇಪ್ಪತ್ತು.

ಗುರು ಮೇಲೇರುವುದು ರಾತ್ರಿ ತಡವಾಗಿ, ಹತ್ತರ ಮೇಲೆ ನೋಡು. ಅದರ ಪಕ್ಕ ಸಾಲಾಗಿ ಕಾಣುವ ನಾಲ್ಕು ಚುಕ್ಕೆಗಳು ಗೆಲಿಲಿಯೋ 1610ರಲ್ಲಿ ಕಂಡ ಚಂದ್ರರು. ಒಂದೊಂದು ಸಲ ಮೂರೇ ಇರುತ್ತವೆ, ಒಂದು ಗುರುವಿನ ಹಿಂದೆಯೋ ಮುಂದೆಯೋ ಇರುತ್ತದೆ. ಎರಡು ಗಂಟೆ ಬಿಟ್ಟು ಮತ್ತೆ ನೋಡಿದರೆ ಜಾಗ ಬದಲಾಗಿರುವುದು ಗೊತ್ತಾಗುತ್ತದೆ.

ಮೃಗಶಿರದ ಬೇಟೆಗಾರ ಇದ್ದಾನಲ್ಲ, ಒರಾಯನ್, ಅವನ ಸೊಂಟದ ಮೂರು ನಕ್ಷತ್ರದಿಂದ ಇಳಿದ ಕತ್ತಿಯಲ್ಲಿ ಒಂದು ನೆಬ್ಯುಲಾ, ಅಂದರೆ ಅನಿಲ, ಧೂಳಿನ ದೊಡ್ಡ ಮೋಡ ಇದೆ. ಹೊಲದಲ್ಲಿ ಇದನ್ನು 25 ಮಿಲಿಮೀಟರ್ ಐಪೀಸಿನಲ್ಲೇ ನೋಡು. ಫೋಟೋದ ಗುಲಾಬಿ ಬಣ್ಣ ಕಾಣಲ್ಲ. ಬೂದು, ಸ್ವಲ್ಪ ಹಸಿರು. ನೇರ ನೋಡಬೇಡ, ಪಕ್ಕಕ್ಕೆ ಸ್ವಲ್ಪ ದೃಷ್ಟಿ ಸರಿಸು, ಆಗ ಅದರ ರೆಕ್ಕೆಗಳು ಹರಡಿಕೊಳ್ಳುತ್ತವೆ. ನಡುವೆ ಒತ್ತಾಗಿರುವ ನಾಲ್ಕು ನಕ್ಷತ್ರ ಹುಡುಕು. ಅಲ್ಲಿಂದ ಬೆಳಕು ಹೊರಟು ಸುಮಾರು 1300 ವರ್ಷ ಆಯಿತು. ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದ ಕಾಲ. ನನಗೆ ಎಷ್ಟು ಸಲ ನೋಡಿದರೂ ಸಾಕು ಅನ್ನಿಸದ ನೋಟ ಇದು. ನಿನ್ನ ಪಕ್ಕ ನಿಂತು ನೋಡಬೇಕು ಅಂತ ಬಹಳ ದಿನದಿಂದ ಆಸೆ ಇಟ್ಟುಕೊಂಡಿದ್ದೇನೆ.

ಹೊಲದಲ್ಲಿ ಟೆಲಿಸ್ಕೋಪನ್ನು ಕಣದಲ್ಲಿ ಇಡೋಣ. ಎರೆಮಣ್ಣಿನ ಮೇಲೆ ಬೇಸ್ ನೆಟ್ಟಗೆ ನಿಲ್ಲುವುದಿಲ್ಲ. ಕಣ ಗಟ್ಟಿ, ಸಮ, ನಾಲ್ಕೂ ಕಡೆ ಬಯಲು. ಊಟಕ್ಕೆ ಕೂರುವ ಮೊದಲೇ ಹೊರಗಿಟ್ಟುಬಿಡು. ಕನ್ನಡಿ ತಣ್ಣಗಾಗಲು ಅರ್ಧ ಗಂಟೆಯಾದರೂ ಬೇಕು, ಇಲ್ಲದಿದ್ದರೆ ಒಳಗಿನ ಬಿಸಿಗಾಳಿಗೆ ಎಲ್ಲ ನಡುಗುತ್ತದೆ. ಅಜ್ಜನಿಗೆ ಮಂಡಿನೋವು, ಅವರನ್ನು ನಿಲ್ಲಿಸಬೇಡ. ಗುರು ಇನ್ನೂ ಕೆಳಗಿರುವಾಗ ಐಪೀಸ್ ತಗ್ಗಿನಲ್ಲಿರುತ್ತದೆ, ಆಗ ಕುರ್ಚಿ ಹಾಕಿ ಕೂರಿಸು. ಕನ್ನಡಕ ತೆಗೆದು ನೋಡಲಿ, ಫೋಕಸಿನ ಗುಬ್ಬಿ ಅವರ ಕೈಗೇ ಕೊಡು. ಅವರು ಸಾಕು ಅನ್ನುವ ತನಕ ಯಾರೂ ಅವಸರ ಮಾಡಬಾರದು.

ಬ್ಯಾಟರಿ ನಾನು ತರುತ್ತೇನೆ. ಯುಪಿಎಸ್ ಒಳಗಿರುತ್ತದಲ್ಲ, ಆ ಥರದ್ದು, 12 ವೋಲ್ಟ್. ವೈರನ್ನೂ ನಾನೇ ಜೋಡಿಸುತ್ತೇನೆ, ಪ್ಲಸ್ ಮೈನಸ್ ಅದಲು ಬದಲಾದರೆ ಬೋರ್ಡ್ ಸುಟ್ಟುಹೋಗುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಪೆಟ್ಟಿಗೆಯ ಜೊತೆ ಬಂದ ಅಡಾಪ್ಟರನ್ನೇ ಬಳಸು. ಟಾರ್ಚಿಗೆ ಕೆಂಪು ಜಿಲೆಟಿನ್ ಹಾಳೆ ಎರಡು ಸುತ್ತು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಡು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಬಿಳಿ ಬೆಳಕು ಒಮ್ಮೆ ಬಿದ್ದರೆ ಮತ್ತೆ ಮೊದಲಿನಿಂದ. ಕಾಕಾನ ಮೊಬೈಲ್ ಬಗ್ಗೆ ಅವರಿಗೆ ಮೊದಲೇ ಹೇಳಿಡು. ಒಂದು ನೋಟ್‌ಬುಕ್, ಪೆನ್ಸಿಲ್. ಸ್ವೆಟರ್ ಮರೀಬೇಡ, ತಮ್ಮನದೂ ತೊಗೊ.

ರೋಹಿಣಿ, ಫೊಮಲ್‌ಹಾಟ್ ಎರಡೂ ಸಿಕ್ಕ ದಿನ ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡು.

ನಿನ್ನ
ಅವ್ವ