ಕೆರೆ ಇದ್ದೇ ಇದೆ ಎಂದೆಯಲ್ಲ

ಚಿ. ಸಹನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕ್ಷೇಮ ಸಮಾಚಾರವನ್ನೆಲ್ಲ ನಿನ್ನ ಅಪ್ಪ ಫೋನಿನಲ್ಲಿ ಹೇಳಿದ್ದಾನೆ, ಅದು ಬೇಡ. ಗಾಜಿನ ತೊಟ್ಟಿಯಲ್ಲಿ ಪ್ಲೆಕೊ ಮೀನು ಸಾಕಿ ಮರಿ ಮಾಡಿಸುವ ನಿನ್ನ ಹೊಸ ಹುಚ್ಚಿನ ಬಗ್ಗೆ ನಿನ್ನ ಪತ್ರದಲ್ಲಿ ಓದಿ ಸಂತೋಷವೇ ಆಯಿತು. ಆದರೆ ಕೊನೆಯ ಸಾಲು ನೋಡು: "ಒಂದೇ ಸಲ ನೂರು ಮರಿಯಾದರೆ ಎಲ್ಲಿಡಲಿ ಎಂಬುದೇ ಚಿಂತೆ ದೊಡ್ಡಪ್ಪ, ತೀರಾ ಹೆಚ್ಚಾದರೆ ನಮ್ಮ ಬಡಾವಣೆಯ ಕೆರೆ ಇದ್ದೇ ಇದೆ." ಚಿಂತೆ ನಿನ್ನದು, ನಿದ್ದೆಗೆಟ್ಟವನು ನಾನು.

ನಿನ್ನದು ಬ್ರಿಸಲ್‌ನೋಸ್, ನಾಲ್ಕೈದು ಅಂಗುಲಕ್ಕೆ ನಿಲ್ಲುವ ಸಾಧು ಜಾತಿ, ಕೆರೆ ಕೆಡಿಸುವುದು ಒಂದೂವರೆ ಅಡಿ ಬೆಳೆಯುವ ಇನ್ನೊಂದು ಎಂದು ನೀನು ವಾದಿಸಬಹುದು. ಒಪ್ಪಿದೆ. ಆದರೆ ಅಂಗಡಿಗಳಲ್ಲಿ ಎರಡಂಗುಲದ ಮರಿಗಳನ್ನೆಲ್ಲ "ಸಕ್ಕರ್" ಎಂಬ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಮೀನು ಬೆನ್ನಿನ ರೆಕ್ಕೆ ಬಿಚ್ಚಿದಾಗ ಅದರ ಕಡ್ಡಿಗಳನ್ನು ಎಣಿಸು. ಏಳೆಂಟಿದ್ದರೆ ಬಹುಮಟ್ಟಿಗೆ ಸಮಾಧಾನ, ಹತ್ತು ಅಥವಾ ಹೆಚ್ಚಿದ್ದರೆ ಅದು ದೊಡ್ಡದು. ಮೂತಿಯ ಮೇಲೆ ಕವಲೊಡೆದ ಮೀಸೆ ಬರಲಿ ಎಂದು ಕಾಯುತ್ತ ಕೂರಬೇಡ, ಅದು ಪ್ರಾಯಕ್ಕೆ ಬಂದ ಗಂಡಿಗೆ ಮಾತ್ರ ಸೊಂಪಾಗಿ ಬರುತ್ತದೆ. ದೊಡ್ಡ ಜಾತಿ ನಿನ್ನ ಗಾಜಿನ ತೊಟ್ಟಿಯಲ್ಲಿ ಮರಿ ಮಾಡುವುದೂ ಇಲ್ಲ. ಅದಕ್ಕೆ ದಡದ ಮಣ್ಣು ಬೇಕು, ಬಿಲ ಕೊರೆದು ಮೊಟ್ಟೆ ಇಡುತ್ತದೆ. ಏರಿಯೊಳಗೆ ಬಿಲ ಎಂದರೆ ಏರಿ ಕುಸಿಯುವ ದಾರಿ, ಅದನ್ನು ನಮ್ಮ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ಸಲ ನಿಮ್ಮಲ್ಲಿಗೆ ಬಂದಾಗ ಬೆಳಿಗ್ಗೆ ಅದೇ ಕೆರೆಯ ಏರಿಯ ಮೇಲೆ ನಡೆಯಲು ಹೋಗಿದ್ದೆ. ಥರ್ಮಕೋಲಿನ ತೆಪ್ಪದಲ್ಲಿ ಒಬ್ಬ ಬಲೆ ಎಳೆದು ತಂದ. ಬಲೆಯಲ್ಲಿ ಮೊಳಕ್ಕೆ ಸ್ವಲ್ಪ ಕಡಿಮೆಯ ಒಂದು ಸಕ್ಕರ್. ಮೈತುಂಬ ತಗಡಿನಂಥ ಫಲಕಗಳು, ಎದೆಯ ರೆಕ್ಕೆಯ ಮುಳ್ಳು ಬಲೆಯ ಕಣ್ಣುಗಳಲ್ಲಿ ಸುತ್ತಿಕೊಂಡಿತ್ತು. ಬಿಡಿಸಲಾಗದೆ ಕೊನೆಗೆ ಬ್ಲೇಡಿನಿಂದ ನೂಲನ್ನೇ ಕತ್ತರಿಸಿದ. "ಕಾಟ್ಲಾ ಸಿಕ್ಕರೆ ಕಾಸು, ಇದು ಸಿಕ್ಕರೆ ಬಲೆಯೂ ಹೋಯಿತು" ಎಂದು ಗೊಣಗಿ ಅದನ್ನು ಏರಿಯ ಮೇಲೆ ಎಸೆದ. ನಾನು ಕೆರೆಯನ್ನು ಪೂರ್ತಿ ಸುತ್ತಿ ಬಂದರೂ ಅದು ಕಿವಿರು ಆಡಿಸುತ್ತಲೇ ಇತ್ತು. ಹೊಟ್ಟೆಯಿಂದಲೇ ಗಾಳಿ ಹೀರಿಕೊಳ್ಳಬಲ್ಲ ಪ್ರಾಣಿ, ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ದಕ್ಷಿಣ ಅಮೆರಿಕದ ನದಿಗಳ ಮೀನು ಅಲ್ಲಿಗೆ ನಡೆದು ಬಂದಿರಲಾರದು. ಯಾರೋ ನಿನ್ನಂತೆಯೇ ಒಳ್ಳೆಯ ಮನಸ್ಸಿನವರು, ಕೊಲ್ಲಲಾರದೆ ಬಿಟ್ಟಿರಬೇಕು.

ನಿನ್ನ ಅಜ್ಜ ಸೊರಬದ ಕಡೆಯ ಕೆರೆಬೇಟೆಗಳಲ್ಲಿ, ಅಂದರೆ ಊರವರೆಲ್ಲ ಕೆರೆಗಿಳಿದು ಮೀನು ಹಿಡಿಯುವಾಗ, ಕೂಣಿಯನ್ನು, ಎರಡೂ ಕಡೆ ಬಾಯಿ ತೆರೆದ ಬಿದಿರಿನ ಬುಟ್ಟಿಯನ್ನು, ಕೆಸರಿಗೆ ಊರಿ, ಮೇಲಿನ ಬಾಯಿಂದ ಕೈ ಇಳಿಸಿ, ಮೀನು ಕಣ್ಣಿಗೆ ಬೀಳುವ ಮೊದಲೇ ಅದರ ಹೆಸರು ಹೇಳುತ್ತಿದ್ದರು. ಕೊರಮೀನು, ಗೆಂಡೆ, ಚೇಳುಮೀನು, ಇನ್ನೂ ಎಷ್ಟೋ. ನಾನು ಕಾಲೇಜಿನಲ್ಲಿ ಫಾರ್ಮಲಿನ್ ಜಾಡಿಯ ಮೀನು ತೋರಿಸಿ ಲ್ಯಾಟಿನ್ ಹೆಸರು ಬರೆಸುತ್ತ ಆಯುಷ್ಯ ಕಳೆದೆ. ಅವರ ಬೆರಳಿಗೆ ಗೊತ್ತಿದ್ದುದನ್ನು ಕೇಳಿ ಬರೆದಿಡಲಿಲ್ಲ. ನಿವೃತ್ತನಾಗಿ ಊರಿಗೆ ಬರುವಷ್ಟರಲ್ಲಿ ಕೂಣಿಯೊಳಗೆ ಬಹುಪಾಲು ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಅದೂ ಹೊರಗಿನದೇ, 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು, ಬಡವರಿಗೆ ಅಗ್ಗದ ಆಹಾರವಾಗಲಿ ಎಂಬ ಸದುದ್ದೇಶದಿಂದ. ಅದಕ್ಕೇ ಒಳ್ಳೆಯ ಮನಸ್ಸು ಎಂದರೆ ನನಗೆ ಸ್ವಲ್ಪ ಭಯ.

ಬೈಯುತ್ತಿಲ್ಲ ಮಗಳೇ. ನೀನು ಕೇಳಿದ್ದು ಮೊಟ್ಟೆಯಿಡಲು ಬೇಕಾದ ಗುಹೆಯ ವಿಷಯ. ಗಂಡು ಒಳಹೊಕ್ಕರೆ ಮೈಗೆ ತಾಗುವಷ್ಟೇ ಅಗಲದ, ಒಂದು ತುದಿ ಮುಚ್ಚಿದ ಮಣ್ಣಿನ ಕೊಳವೆ ಸಾಕು. ಕಿತ್ತಳೆ ಬಣ್ಣದ ಮೊಟ್ಟೆಗಳ ಗೊಂಚಲಿಗೆ ಅದು ರೆಕ್ಕೆಯಿಂದ ಗಾಳಿ ಬೀಸುತ್ತ ಕೂರುತ್ತದೆ, ಆಗ ಟಾರ್ಚ್ ಹಾಕಿ ಪೀಡಿಸಬೇಡ. ಮೊಟ್ಟೆ ಒಡೆದು ಮರಿಯಾಗಲು ವಾರದ ಆಸುಪಾಸು. ಆಮೇಲೂ ಹೊಟ್ಟೆಯ ಹಳದಿ ಚೀಲ ಕರಗುವವರೆಗೆ ತಿಂಡಿ ಬೇಕಿಲ್ಲ. ಬೇಯಿಸಿದ ಸೌತೆ, ಪಾಲಕ್ ಹಾಕಿದರೆ ಉಳಿದದ್ದನ್ನು ಮರುದಿನ ತೆಗೆ. ನಲ್ಲಿ ನೀರಿನ ಕ್ಲೋರಿನ್ ಮೀನಿಗೆ ವಿಷವೆಂಬುದು ನಿನಗೆ ಗೊತ್ತೇ ಇದೆ.

ಆದರೆ ಇದೆಲ್ಲ ಆಮೇಲೆ. ಒಂದು ಜೋಡಿಯನ್ನು ಮಾತ್ರ ಇಟ್ಟುಕೊ. ಮರಿಗಳನ್ನು ಯಾರು ತೆಗೆದುಕೊಳ್ಳುತ್ತಾರೆಂದು ಗೊತ್ತಾಗುವವರೆಗೆ ಕೊಳವೆಯನ್ನು ತೊಟ್ಟಿಗೆ ಹಾಕಬೇಡ. ಅಡಗುತಾಣವಿಲ್ಲದೆ ಅವು ಸಾಮಾನ್ಯವಾಗಿ ಮೊಟ್ಟೆಗೆ ಮನಸ್ಸು ಮಾಡುವುದಿಲ್ಲ. ಆದರೂ ಇಟ್ಟರೆ, ಹೇಳಲು ಸಂಕೋಚ, ಒಡೆಯುವ ಮೊದಲೇ ತೆಗೆದುಬಿಡು. ನಿನಗದು ಕ್ರೂರವೆನಿಸಬಹುದು. ಕೆರೆಗೆ ಬಿಡುವುದು ಅದಕ್ಕಿಂತ ಕ್ರೂರ, ಆದರೆ ಬಿಟ್ಟವರ ಕಣ್ಣಿಗೆ ಬೀಳುವುದಿಲ್ಲ. ಮತ್ತೆ, ತೊಟ್ಟಿಯ ನೀರನ್ನು ಗಿಡಗಳಿಗೆ ಹಾಕು, ಮಳೆನೀರಿನ ಚರಂಡಿಗೆ ಚೆಲ್ಲಬೇಡ. ನಿಮ್ಮ ಮನೆ ಮುಂದಿನ ಚರಂಡಿ ರಾಜಕಾಲುವೆಗೆ, ರಾಜಕಾಲುವೆ ಅದೇ ಕೆರೆಗೆ.

ನೋಡು, ಮತ್ತೆ ಅಲ್ಲಿಗೇ ಬಂದೆ.

ಮೀನಿನ ಅಂಗಡಿಯವನನ್ನು ಈ ವಾರವೇ ಕೇಳು: ಮರಿ ಬೆಳೆದ ಮೇಲೆ ತೆಗೆದುಕೊಳ್ಳುತ್ತಾನೆಯೇ, ಎಷ್ಟು? ಬಾಯಿಮಾತು ಸಾಲದು, ಮೊಬೈಲಿನಲ್ಲಿ ಬರೆಸಿಕೊ. ಕೊಳವೆಯನ್ನು ಇಲ್ಲಿನ ಕುಂಬಾರರಿಂದ ನಾನೇ ಮಾಡಿಸಿ ಕಳಿಸುತ್ತೇನೆ, ಅವನ ಉತ್ತರ ಬಂದ ಮೇಲೆ.

ನಿನ್ನ ದೊಡ್ಡಪ್ಪ